ಬೆಚ್ಚುವ ಕೂಸು, ಬಾಯಿ ಬಿಡದ ತಾಯಿ

ಸಣ್ಣ ಸಪ್ಪಳಕ್ಕೂ ಕೂಸು ಬೆಚ್ಚಿಬಿದ್ದರೆ ನಮ್ಮ ಇನ್ನಂಜೆಯ ಕಡೆ ಹಿರಿಯರಿಗೆ ಮೊದಲು ಹೊಳೆಯುವುದು ದೃಷ್ಟಿ ತೆಗೆಯುವ ಉಪಾಯ. ನಗಬೇಕಾದ್ದೇನಿಲ್ಲ, ನವಜಾತ ಶಿಶು ಬೆಚ್ಚುವುದು ಸಹಜವೇ. ಕೈ ಅಗಲಿಸಿ ಮತ್ತೆ ಎದೆಗೆ ತಂದುಕೊಳ್ಳುವ ಆ ಚಲನೆಯನ್ನು ವೈದ್ಯರು ಮೋರೊ ಪ್ರತಿಕ್ರಿಯೆ ಎನ್ನುತ್ತಾರೆ. ಅದು ಅತಿಯಾದಾಗ ಮಾತ್ರ ಪ್ರಶ್ನೆ ಏಳುತ್ತದೆ.

ಗರ್ಭಿಣಿಯು ಹೆರಾಯಿನ್, ಅಫೀಮು ಅಥವಾ ಆ ವರ್ಗದ ನೋವುನಿವಾರಕಕ್ಕೆ ದಾಸಳಾಗಿದ್ದರೆ, ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಮಗುವಿಗೆ ಅದರ ಪೂರೈಕೆ ನಿಲ್ಲುತ್ತದೆ. ಕೀರಲು ಅಳು, ನಡುಕ, ಬಿಗಿದ ಕೈಕಾಲು. ಚೀಪುವ ತವಕವಿದ್ದರೂ ಹಾಲು ಕುಡಿಯಲಾಗದ ಬಾಯಿ. ಹೆರಾಯಿನ್ ಆದರೆ ಒಂದೆರಡು ದಿನದಲ್ಲಿ, ಬ್ಯುಪ್ರೆನಾರ್ಫಿನ್ ಆದರೆ ಮೂರು-ನಾಲ್ಕು ದಿನಗಳ ಬಳಿಕವೂ ಇವು ಕಾಣಿಸಬಹುದು. ಈ ಲಕ್ಷಣಗಳಿಗೆ ಅಂಕ ನೀಡುವ ಪಟ್ಟಿಯನ್ನು ಅಮೆರಿಕದ ವೈದ್ಯೆ ಲೊರೆಟಾ ಫಿನ್ನೆಗನ್ ಮತ್ತು ಸಂಗಡಿಗರು 1975ರಲ್ಲೇ ಪ್ರಕಟಿಸಿದರು.

ಮಣಿಪಾಲದ ಸುತ್ತ ಮಾದಕವಸ್ತು ವಶವಾದ ಸುದ್ದಿ ಬಂದಾಗಲೆಲ್ಲ ನಾವು ವಿದ್ಯಾರ್ಥಿಗಳ ಬಗ್ಗೆಯೇ ಮಾತಾಡುತ್ತೇವೆ. 2019ರಲ್ಲಿ ಪ್ರಕಟವಾದ ಕೇಂದ್ರದ ಸಮೀಕ್ಷೆ ದೇಶದಲ್ಲಿ ಅಫೀಮು ವರ್ಗದ ವಸ್ತು ಬಳಸುವವರು ಸುಮಾರು 2.26 ಕೋಟಿ ಎಂದಿತು. ಅವರಲ್ಲಿ ಗಂಡಸರೇ ಹೆಚ್ಚು, ನಿಜ. ಆದರೆ ಹೆಂಗಸರೇ ಇಲ್ಲವೆಂದು ವ್ಯವಸ್ಥೆ ಕಣ್ಣು ಮುಚ್ಚಿಕೊಂಡಂತಿದೆ.

ಸಹಜ ಹೆರಿಗೆಯಾದ ತಾಯಿ ಸಾಮಾನ್ಯವಾಗಿ ಎರಡು ದಿನಕ್ಕೆ ಮನೆ ಸೇರುತ್ತಾಳೆ. ಆಮೇಲೆ ಮೂರನೆಯ, ಏಳನೆಯ ದಿನ ಬಾಗಿಲಿಗೆ ಬರುವವಳು ಆಶಾ ಕಾರ್ಯಕರ್ತೆ. ಆಕೆಯ ನಮೂನೆ ಕೇಳುವುದು ಕೈಕಾಲು ಜೋಲುಬಿದ್ದಿವೆಯೇ, ಅಳು ಕ್ಷೀಣವೇ ಎಂದು. ಸೋಂಕು ಪತ್ತೆಗೆ ಅದು ಅತ್ಯಗತ್ಯ. ಆದರೆ ನಾನು ಹೇಳುತ್ತಿರುವ ಮಗುವಿನ ಚಿತ್ರ ಇದಕ್ಕೆ ತದ್ವಿರುದ್ಧ: ಸೆಟೆದ ಅಂಗ, ನಿಲ್ಲದ ಚೀರಾಟ. ಆ ಮಗು ‘ಹಟಮಾರಿ’ ಎನಿಸಿಕೊಂಡು ಪಾರಾಗುತ್ತದೆ, ತೂಕ ಕಳೆದುಕೊಳ್ಳುತ್ತದೆ.

ಯಾವ ಅಂಕಪಟ್ಟಿಗೂ ತಾಯಿಯ ಮಾತು ಬೇಕು. ಸಕ್ಕರೆ ಅಂಶ ಕುಸಿದರೂ, ಸೋಂಕಾದರೂ ಮಗು ನಡುಗಬಹುದು. ವ್ಯಸನ ತಿಳಿಯದೆ, ಉಸಿರಾಡದ ಕೂಸಿಗೆ ನಾಲೊಕ್ಸೋನ್ ಕೊಟ್ಟರೆ ಸೆಳವು ಬರುವ ಅಪಾಯವೂ ಇದೆ. ಆದರೆ ಆಕೆ ಬಾಯಿ ಬಿಡುವುದು ಹೇಗೆ? ಅತ್ತೆ ಪಕ್ಕದಲ್ಲೇ ಕುಳಿತಿರುತ್ತಾರೆ. ಪೊಲೀಸರ ಭಯ ಬೇರೆ. ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ 1985ರ ಮಾದಕವಸ್ತು ಕಾಯ್ದೆಯ 64ಎ ಕಲಂ ಷರತ್ತುಬದ್ಧ ವಿನಾಯಿತಿ ನೀಡುತ್ತದೆ. ಇದನ್ನು ಯಾವ ಹೆರಿಗೆ ವಾರ್ಡಿನ ಗೋಡೆಯ ಮೇಲೂ ನಾನು ಓದಿಲ್ಲ.

ಚಿಕಿತ್ಸೆಗೆ ಭಾರಿ ಯಂತ್ರಗಳೇನೂ ಬೇಡ. ಮಗು ತಿನ್ನುತ್ತದೆಯೇ, ಮಲಗುತ್ತದೆಯೇ, ಸಮಾಧಾನವಾಗುತ್ತದೆಯೇ ಎಂಬ ಮೂರೇ ಪ್ರಶ್ನೆಗಳ ವಿಧಾನವನ್ನು ಅಮೆರಿಕದ 26 ಆಸ್ಪತ್ರೆಗಳಲ್ಲಿ ಪರೀಕ್ಷಿಸಲಾಯಿತು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮಗು ಮನೆಗೆ ಹೋಗಲು ಸಿದ್ಧವಾಗುವ ಸರಾಸರಿ ಅವಧಿ 14.9 ದಿನದಿಂದ 8.2 ದಿನಕ್ಕೆ ಇಳಿಯಿತು. ಮಂದ ಬೆಳಕು, ತಾಯಿಯ ಮಡಿಲು, ಎದೆಹಾಲು ಅಲ್ಲಿ ಮೊದಲ ಮದ್ದು, ಔಷಧಿ ಅನಂತರ. ನಮ್ಮ ಬಾಣಂತಿಕೋಣೆಗೆ ಇದರಲ್ಲಿ ಹೊಸತೇನಿದೆ?

ಗರ್ಭಿಣಿಯರ ತಪಾಸಣೆಯಲ್ಲಿ, ಮನೆಯವರನ್ನು ಹೊರಗೆ ಕಳಿಸಿ ಕೇಳುವ ಒಂದು ಪ್ರಶ್ನೆ. ಆಶಾ ನಮೂನೆಯಲ್ಲಿ ‘ಬಿಗಿತ, ಕೀರಲು ಅಳು’ ಎಂಬ ಒಂದು ಸಾಲು. ಆರೋಗ್ಯ ಇಲಾಖೆಯನ್ನು ಸದ್ಯಕ್ಕೆ ನಾನು ಕೇಳುವುದು ಇಷ್ಟೇ.