ಕುಂಡದ ಎಲೆ, ಬಾಯಿಯ ಎಲೆ

ಮಹಾರಾಷ್ಟ್ರದ ಅಂಬರನಾಥದ ಫ್ಲ್ಯಾಟುಗಳ ಕಿಟಕಿ ಗ್ರಿಲ್ಲಿನಲ್ಲಿ, ಹಳೇ ಪೇಂಟ್ ಡಬ್ಬಿಯೊಳಗೆ ತುಳಸಿ, ಪಕ್ಕದಲ್ಲೇ ಹಬ್ಬಿದ ವೀಳ್ಯದೆಲೆ ಬಳ್ಳಿ. ಕೆಳಗಿನ ಪಾನ್ ಅಂಗಡಿಯಲ್ಲಿ ಅದೇ ಎಲೆ ಸುಣ್ಣ, ಅಡಿಕೆ, ತಂಬಾಕು ಸೇರಿ ಚಟವಾಗುತ್ತದೆ. ಎರಡೂ ಕಡೆ ಸೆಳೆಯುವುದು ಗಿಡವೇ, ವ್ಯತ್ಯಾಸವಿರುವುದು ಕಾಯುವುದರಲ್ಲಿ. ಮಲ್ಲಿಗೆ ಮೊಗ್ಗಿಗೆ ತಿಂಗಳುಗಟ್ಟಲೆ ನೀರೆರೆಯಬೇಕು; ಹುಳು ಓಡಿಸಲೆಂದು ತಂಬಾಕಿನ ಗಿಡ ತಯಾರಿಸಿಕೊಳ್ಳುವ ನಿಕೋಟಿನ್ ನಿಮಿಷಗಳಲ್ಲಿ ಮಿದುಳು ಮುಟ್ಟಿ, ಇನ್ನಷ್ಟು ಬೇಡುತ್ತದೆ. ಎಲೆಯಡಿಕೆ ನಮ್ಮ ಸಂಪ್ರದಾಯವಲ್ಲವೇ ಎನ್ನುವವರಿದ್ದಾರೆ. ಹೌದು, ಶುಭಕಾರ್ಯದ ತಾಂಬೂಲಕ್ಕೆ ನನ್ನ ತಕರಾರಿಲ್ಲ. ದಿನವಿಡೀ ಜಗಿಯುವುದು ಬೇರೆ ಮಾತು: ತಂಬಾಕಿಲ್ಲದ ಎಲೆಯಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಮಹಾರಾಷ್ಟ್ರ 2012ರಲ್ಲಿ ಗುಟ್ಕಾ ನಿಷೇಧಿಸಿದರೂ ಚಟ ಅಳಿದಿಲ್ಲ. ಕುಂಡವೂ ಅದಕ್ಕೆ ಮದ್ದಲ್ಲ. ಬಿಡಬೇಕೆನ್ನುವವರಿಗೆ ಸಹಾಯವಾಣಿಯ ಸಂಖ್ಯೆ ತಂಬಾಕಿನ ಪೊಟ್ಟಣದ ಮೇಲೆಯೇ ಅಚ್ಚಾಗಿರುತ್ತದೆ.