ಮಗುವಿಗೆ ಕಲಿಸಿದ ದ್ವೇಷ

ಪತಿ-ಪತ್ನಿಯರು ಬೇರೆಯಾದ ಸುದ್ದಿ ಬಂದಾಗ ನಾವೆಲ್ಲ ಕೇಳುವ ಮೊದಲ ಪ್ರಶ್ನೆ, 'ಮಗು ಯಾರ ಬಳಿ ಇದೆ?' ಎಂಬುದು. ದೂರವಾದವರ ಕುರಿತು ಆ ಮಗುವಿಗೆ ಏನನ್ನು ಹೇಳಿಕೊಡಲಾಗುತ್ತಿದೆ ಎಂದು ನಾವು ಕೇಳುವುದಿಲ್ಲ. 'ನಿನ್ನಪ್ಪನಿಗೆ ನೀನು ಬೇಡವಾಗಿದ್ದೆ' ಎಂಬ ಮಾತನ್ನು ಅನುದಿನವೂ ಕೇಳಿ ಬೆಳೆದ ಮಗು ಅಪ್ಪನನ್ನು ದ್ವೇಷಿಸಲು ಕಲಿಯುತ್ತದೆ. ಜೊತೆಗೆ, ತಾನು ಯಾರಿಗಾದರೂ ಬೇಡವಾಗಬಹುದಾದ ಜೀವ ಎಂಬುದನ್ನೂ ಕಲಿಯುತ್ತದೆ. ಬಹುಕಾಲ ಉಳಿಯುವುದು ಈ ಎರಡನೆಯ ಪಾಠ.

ಅಮೆರಿಕದ ಮನೋವೈದ್ಯ ರಿಚರ್ಡ್ ಗಾರ್ಡ್ನರ್ 1985ರಲ್ಲಿ ಇದನ್ನೊಂದು 'ಸಿಂಡ್ರೋಮ್' ಎಂದು ಕರೆದರು. ವೈದ್ಯಲೋಕ ಅದನ್ನು ರೋಗಗಳ ಪಟ್ಟಿಗೆ ಸೇರಿಸಲಿಲ್ಲ, ಸೇರಿಸದಿದ್ದುದೇ ಸರಿ. ತಾಯಿ ಪೆಟ್ಟು ತಿನ್ನುವುದನ್ನು ಕಣ್ಣಾರೆ ಕಂಡ ಮಗುವಿನ ಭಯ ಯಾರೂ ಕಲಿಸಿದ್ದಲ್ಲ. ಅಂಥ ಭಯವನ್ನೂ 'ತಾಯಿಯ ಚಿತಾವಣೆ' ಎಂದು ನ್ಯಾಯಾಲಯದಲ್ಲಿ ವಾದಿಸಲು ಈ ಪದ ಒದಗಿಬಂದಿದೆ. ಆದರೆ ಪದವನ್ನು ಕೈಬಿಟ್ಟ ಮಾತ್ರಕ್ಕೆ ಅನುಭವ ಸುಳ್ಳಾಗದು. ಹೀಗೆ ಬೆಳೆದ 40 ವಯಸ್ಕರನ್ನು ಮಾತನಾಡಿಸಿ ಏಮಿ ಬೇಕರ್ 2007ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಖಿನ್ನತೆ, ಕುಗ್ಗಿದ ಆತ್ಮಗೌರವ, ಯಾರನ್ನೂ ನಂಬಲಾಗದ ಸ್ಥಿತಿ ಮತ್ತೆ ಮತ್ತೆ ಕಾಣುತ್ತವೆ. ನಲವತ್ತು ಮಂದಿಯಿಂದ ಎಲ್ಲರ ಕಥೆಯನ್ನು ಹೇಳಲಾಗದು, ನಿಜ. ಅಲಕ್ಷಿಸಲೂ ಆಗದು.

ಹೊರನಾಡಿನಲ್ಲಿರುವ ನಮಗೆ ಇದರಲ್ಲಿ ಇನ್ನೊಂದು ತೊಡಕಿದೆ. ಊರಿನಲ್ಲಾಗಿದ್ದರೆ, 'ನಿಮ್ಮಪ್ಪ ಅಷ್ಟೇನೂ ಕೆಟ್ಟವನಲ್ಲ ಕಣೋ' ಎನ್ನುವ ಸೋದರತ್ತೆಯೋ ಪಕ್ಕದ ಮನೆಯ ಅಜ್ಜಿಯೋ ಇರುತ್ತಿದ್ದರು. ಪುಣೆಯ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಮಗುವಿಗೆ ಕೇಳಿಸುವುದು ಒಂದೇ ದನಿ.

ನಮ್ಮ ಪರಿಚಿತರೊಬ್ಬರು ಅಂಥ ಮನೆಯಲ್ಲಿ ಬೆಳೆದವರು. ತಾಯಿ ಮರಾಠಿಯವರು; ತಂದೆ ದೂರವಾದ ಮೇಲೆ ಮನೆಯಲ್ಲಿ ಕನ್ನಡವೂ ನಿಂತುಹೋಯಿತು. ಮೂವತ್ತೆಂಟರ ವಯಸ್ಸಿನಲ್ಲಿ ಅವರೇ ತಂದೆಯನ್ನು ಹುಡುಕಿ ಫೋನ್ ಮಾಡಿದರು. ತಾಯಿಯ ಮೇಲೆ ಅವರಿಗೆ ಕೋಪವಿಲ್ಲ. ಒಂಟಿಯಾಗಿ ಸಾಕಿದವರ ಸಂಕಟ ಅವರಿಗೆ ಗೊತ್ತು. ಅವರನ್ನು ಕಾಡುವುದು ಬೇರೆಯದೇ: ಹತ್ತನೆಯ ವಯಸ್ಸಿನಲ್ಲಿ ಶಾಲೆಯ ಗೇಟಿಗೆ ಬಂದಿದ್ದ ತಂದೆಗೆ 'ನೀವು ಬರಬೇಡಿ' ಎಂದವರು ತಾವೇ. ಹೇಳಿಕೊಟ್ಟವರು ಯಾರಾದರೇನು, ಬಾಯಿ ತನ್ನದಾಗಿತ್ತಲ್ಲ ಎನ್ನುತ್ತಾರೆ. ಈಗ ಪ್ರತಿ ಭಾನುವಾರ ಅಪ್ಪ-ಮಗ ಹಿಂದಿಯಲ್ಲಿ ಮಾತನಾಡುತ್ತಾರೆ. ತಂದೆಯ ಹಿಂದಿ ಅಷ್ಟಕ್ಕಷ್ಟೆ. ಮಾತು ಬೇಗ ಮುಗಿಯುತ್ತದೆ. ಕಳೆದ ತಿಂಗಳು ಅವರು ನಮ್ಮ ಬಳಗಕ್ಕೆ ಬಂದು, ವಯಸ್ಕರಿಗೂ ಕನ್ನಡ ಕಲಿಸುವಿರಾ ಎಂದು ಕೇಳಿದರು.