ದೂರು ಪೆಟ್ಟಿಗೆಗೆ ಬೀಳದ ಹಿಂಸೆ: ಶಾಲಾ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,

ಎಂಟನೆಯದೋ ಒಂಬತ್ತನೆಯದೋ ತರಗತಿಯಲ್ಲಿ ಓದುವ ಹುಡುಗಿಯೊಬ್ಬಳ ಜೊತೆ ಅವಳ ಗೆಳತಿಯರೆಲ್ಲ ಒಮ್ಮೆಲೇ ಮಾತು ಬಿಡುತ್ತಾರೆ. ಅವಳು ಬೆಂಚಿನ ಹತ್ತಿರ ಬಂದರೆ ಪಕ್ಕದವಳು ಬ್ಯಾಗು ಸರಿಸಿ ಜಾಗ ತುಂಬಿಸುತ್ತಾಳೆ. ಬಿಸಿಯೂಟದ ಸಾಲಿನಲ್ಲಿ ಅವಳ ತಟ್ಟೆಗೂ ಉಳಿದವರ ತಟ್ಟೆಗೂ ನಡುವೆ ಜಾಗ ಬೀಳುತ್ತದೆ. ಯಾವುದೋ ಹುಡುಗನ ಹೆಸರಿನ ಜೊತೆ ಅವಳ ಹೆಸರು ಸೇರಿಸಿದ ಒಂದು ಮಾತು ಶಾಲೆಯಲ್ಲೆಲ್ಲ ಹಬ್ಬಿರುತ್ತದೆ, ಮೊದಲು ಹೇಳಿದವರು ಯಾರೆಂದು ಕೇಳಿದರೆ ಎಲ್ಲರೂ ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ. ಸಂಜೆಯ ಹೊತ್ತಿಗೆ ವಾಟ್ಸ್ಯಾಪ್‌ನಲ್ಲಿ ಅವಳೊಬ್ಬಳನ್ನು ಬಿಟ್ಟು ಹೊಸ ಗ್ರೂಪು ಆಗಿರುತ್ತದೆ. ಯಾರೂ ಹೊಡೆದಿಲ್ಲ, ಎದುರಿಗೆ ಬೈದೂ ಇಲ್ಲ. ಇದನ್ನು ದೂರಾಗಿ ಬರೆಯಲು ಕೂತರೆ ಮೊದಲ ಸಾಲಿಗೇ ಪೆನ್ನು ನಿಲ್ಲುತ್ತದೆ: ಮಾಡಿದವರು ಯಾರು, ಮಾಡಿದ್ದೇನು, ಯಾವತ್ತು? ಆದ್ದರಿಂದ ನನ್ನ ವಾದ ಇಷ್ಟು: ಹದಿಹರೆಯದ ಹುಡುಗಿಯರ ನಡುವಿನ ಈ ಹಿಂಸೆಯನ್ನು, ದೂರು ಬರಲಿ ಎಂದು ಕಾಯುವ ವ್ಯವಸ್ಥೆ ಎಂದಿಗೂ ಕಾಣಲಾರದು. ಶಾಲೆಯೇ ಹೋಗಿ ಇಡೀ ತರಗತಿಯನ್ನು ಕೇಳಬೇಕು, ಬದಲಾವಣೆಯನ್ನೂ ಇಡೀ ತರಗತಿಯಲ್ಲೇ ತರಬೇಕು.

ಕೇಳುವ ರೀತಿ ಬದಲಾದಾಗಲೇ ಕಾಣುವುದೂ ಬದಲಾಗುತ್ತದೆ ಎಂಬುದಕ್ಕೆ ಫಿನ್ಲೆಂಡಿನ ಅನುಭವವಿದೆ. ಜಗಳಗಂಟತನ ಹುಡುಗರ ಸ್ವಭಾವ, ಹುಡುಗಿಯರು ಸೌಮ್ಯ ಎಂದು ಮನಶ್ಶಾಸ್ತ್ರಜ್ಞರು ಬಹುಕಾಲ ನಂಬಿದ್ದರು. ಅವರು ಎಣಿಸುತ್ತಿದ್ದದ್ದು ಹೊಡೆತ, ತಳ್ಳಾಟ, ಬೈಗುಳಗಳನ್ನು. ಕಿರ್ಸ್ತಿ ಲಾಗರ್‌ಸ್ಪೆಟ್ಸ್, ಕಾಯ್ ಬ್ಯೋರ್ಕ್‌ವಿಸ್ಟ್ ಮತ್ತು ಅವರ ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹನ್ನೊಂದು ಹನ್ನೆರಡು ವರ್ಷದ ಮಕ್ಕಳನ್ನೇ ಕೇಳಿದರು: ನಿನ್ನ ತರಗತಿಯ ಇಂಥವರಿಗೆ ಸಿಟ್ಟು ಬಂದರೆ ಏನು ಮಾಡುತ್ತಾರೆ? ಬೆನ್ನ ಹಿಂದೆ ಮಾತಾಡುವುದು, ಹೊಟ್ಟೆಕಿಚ್ಚು ಹತ್ತಿಸಲೆಂದೇ ಬೇರೊಬ್ಬರ ಗೆಳೆತನ ಮಾಡುವುದು, ಗುಂಪಿನಿಂದ ಹೊರಗಿಡುವುದು, ಇವೆಲ್ಲ ಆಗ ಕಾಗದಕ್ಕೆ ಬಂದವು. ದೊಡ್ಡವರ ಕಣ್ಣಿಗೆ ಸೌಮ್ಯವಾಗಿ ಕಂಡ ತರಗತಿಯೊಳಗೆ ಒಂದು ಸಮರವೇ ನಡೆದಿತ್ತು. ಅದು ಗೊತ್ತಿದ್ದದ್ದು ಮಕ್ಕಳಿಗೆ ಮಾತ್ರ, ಅವರನ್ನು ಅಲ್ಲಿಯವರೆಗೆ ಯಾರೂ ಸರಿಯಾಗಿ ಕೇಳಿರಲಿಲ್ಲ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಬರುತ್ತದೆ. ಹೆಣ್ಣುಮಕ್ಕಳೆಂದರೆ ಚಾಡಿ, ಹೊಟ್ಟೆಕಿಚ್ಚು ಎಂಬ ಹಳೆಯ ನಿಂದೆಗೆ ಇದೂ ಸೇರಿತಲ್ಲವೇ ಎಂದು ಕೇಳಬಹುದು. 2008ರಲ್ಲಿ 148 ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆದ ವಿಶ್ಲೇಷಣೆ ಈ ನಿಂದೆಗೆ ಉತ್ತರ ಕೊಟ್ಟಿದೆ. ನೇರ ಹೊಡೆದಾಟ ಹುಡುಗರಲ್ಲಿ ಹೆಚ್ಚು. ಆದರೆ ಮರೆಯಲ್ಲಿ ನಡೆಯುವ ಈ ಬಗೆಯ ಹಿಂಸೆಯಲ್ಲಿ ಹುಡುಗ ಹುಡುಗಿಯರ ನಡುವಿನ ವ್ಯತ್ಯಾಸ ತೀರಾ ಅಲ್ಪ, ಲೆಕ್ಕಕ್ಕೆ ಹಿಡಿಯದಷ್ಟು. ಆದ್ದರಿಂದ ಇದು 'ಹೆಣ್ಣುಬುದ್ಧಿ' ಅಲ್ಲ. ಹಾಗಿದ್ದೂ ನಾನು ಹುಡುಗಿಯರ ಮಾತನ್ನೇ ಎತ್ತಲು ಕಾರಣವಿದೆ. ಹುಡುಗರ ಹೊಡೆದಾಟ ನಡೆದರೆ ಮುಖ್ಯ ಶಿಕ್ಷಕರ ಕೊಠಡಿಯವರೆಗೆ ಹೋಗುತ್ತದೆ. ಹುಡುಗಿಯರ ನಡುವೆ ನಡೆಯುವುದರ ಬಹುಪಾಲು ಈ ಕಾಣದ ಬಗೆಯದು. ಹುಡುಗಿ ಅತ್ತುಕೊಂಡು ಬಂದರೆ 'ಇವತ್ತು ಜಗಳ, ನಾಳೆ ಒಂದಾಗ್ತೀರಿ, ಹೋಗಮ್ಮ' ಎನ್ನುವ ಮಾತಿಗೆ ಎಲ್ಲವೂ ಮುಗಿಯುತ್ತದೆ.

ಅತ್ತುಕೊಂಡು ಬರುವವರೂ ಕೆಲವರೇ. ಹೇಳಿದರೆ ಅವಳಿಗೇ ನಷ್ಟ. ಟೀಚರಿಗೆ ಹೇಳಿದರೆ ಚಾಡಿಕೋರಿ ಎಂಬ ಹೆಸರು ಸೇರಿಕೊಳ್ಳುತ್ತದೆ. ಮನೆಯಲ್ಲಿ ಹೇಳಿದರೆ ಮೊದಲು ಹೋಗುವುದು ಫೋನು. ಹುಡುಗನ ಹೆಸರು ಸೇರಿದ ಮಾತು ಅಪ್ಪನ ಕಿವಿಗೆ ಬಿದ್ದರೆ ಅದು ಸುಳ್ಳೋ ನಿಜವೋ ಎಂದು ವಿಚಾರಿಸುವ ತಾಳ್ಮೆ ಎಲ್ಲ ಮನೆಗಳಲ್ಲಿ ಇರುವುದಿಲ್ಲ. ಓದು ನಿಲ್ಲಿಸಿ ಮದುವೆಗೆ ಅವಸರ ಮಾಡುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅಂಥ ಕಡೆ ಗೆಳತಿಯರು ಹಬ್ಬಿಸಿದ ಒಂದು ಗಾಳಿಮಾತಿನ ತೂಕವೇ ಬೇರೆ, ಹಬ್ಬಿಸಿದ ಮಕ್ಕಳಿಗೂ ಅದರ ಅಂದಾಜು ಇರುವುದಿಲ್ಲ. ಕಾನೂನು ಇದೆಯಲ್ಲ ಎನ್ನಬಹುದು. 1983ರ ಕರ್ನಾಟಕ ಶಿಕ್ಷಣ ಕಾಯ್ದೆ ರ್‍ಯಾಗಿಂಗನ್ನು ನಿಷೇಧಿಸುತ್ತದೆ, ಆದರೆ ಅದರ ಗಮನ ಒಬ್ಬ ವಿದ್ಯಾರ್ಥಿಯಿಂದ ಮಾನಗೇಡಿ ಕೆಲಸವೊಂದನ್ನು ಬಲವಂತವಾಗಿ ಮಾಡಿಸುವುದರ ಮೇಲಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ತಡೆಯುತ್ತದೆ. ಆಚರಣೆಯಲ್ಲಿ ಅದು ಶಿಕ್ಷಕರ ಕೈಯಿಂದ ಮಗುವನ್ನು ಕಾಯುವ ಕಾನೂನು. ಯಾರೂ ಏನನ್ನೂ ಮಾಡಿಸದೆ, ಬರೀ ಮುಖ ತಿರುಗಿಸಿ ಒಬ್ಬಳನ್ನು ಇಲ್ಲವಾಗಿಸುವುದು ಈ ಎರಡರ ನಡುವೆ ಜಾರಿಹೋಗುತ್ತದೆ.

ಇನ್ನೊಂದು ಆಕ್ಷೇಪ: ಸ್ನೇಹ ಕೂಡುವುದು, ಮುರಿಯುವುದು ಬೆಳೆಯುವ ವಯಸ್ಸಿನ ಸಹಜ, ಸರ್ಕಾರ ಸುತ್ತೋಲೆ ಹೊರಡಿಸಿ ಗೆಳೆತನ ಮಾಡಿಸಲಾದೀತೇ? ಆಗದು, ಮಾಡಿಸಲೂ ಬಾರದು. ಇಬ್ಬರು ಗೆಳತಿಯರು ಮುನಿಸಿಕೊಂಡರೆ ದೊಡ್ಡವರು ದೂರ ನಿಲ್ಲುವುದೇ ಸರಿ. ಆದರೆ ನಾರ್ವೆಯ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯುಸ್ ಹಾಕಿಕೊಟ್ಟ ಗೆರೆ ಇಲ್ಲಿ ಸಹಾಯಕ್ಕೆ ಬರುತ್ತದೆ: ಬೇಕೆಂದೇ ಮಾಡಿದ್ದೇ, ಮತ್ತೆ ಮತ್ತೆ ನಡೆಯುತ್ತಿದೆಯೇ, ಎದುರಿಸಲಾಗದಷ್ಟು ಬಲ ಒಂದೇ ಕಡೆ ಇದೆಯೇ? ಒಬ್ಬಳ ಎದುರು ಹನ್ನೆರಡು ಜನ ವಾರಗಟ್ಟಲೆ ಮಾತು ಬಿಟ್ಟರೆ ಅದು ಮುನಿಸಲ್ಲ. ಅದೇ ನಾರ್ವೆಯಲ್ಲಿ 1982ರ ಕೊನೆಗೆ, ಬಹುಶಃ ಸಹಪಾಠಿಗಳ ಕಿರುಕುಳದಿಂದಲೇ, ಮೂವರು ಹುಡುಗರು ಜೀವ ಕಳೆದುಕೊಂಡ ಮೇಲೆ, ಮರುವರ್ಷವೇ ಶಿಕ್ಷಣ ಸಚಿವಾಲಯ ದೇಶದ ಶಾಲೆಗಳಲ್ಲಿ ಆಂದೋಲನ ಹೂಡಿತು. ಹೆಸರು ಬರೆಯದ ಪ್ರಶ್ನಾವಳಿ ಅದರ ಭಾಗವಾಗಿತ್ತು. ನಾವು ಜೀವ ಹೋಗುವವರೆಗೆ ಕಾಯಬೇಕಿಲ್ಲ.

ಹಾಗೆಂದು ತಪ್ಪು ಮಾಡಿದವರನ್ನು ಹಿಡಿದು ಶಿಕ್ಷಿಸಿ ಎಂದು ನಾನು ಕೇಳುತ್ತಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞರಾದ ರಾಬರ್ಟ್ ಫ್ಯಾರಿಸ್ ಮತ್ತು ಡಯೇನ್ ಫೆಲ್ಮ್‌ಲಿ 2011ರಲ್ಲಿ ತೋರಿಸಿದಂತೆ, ಹದಿಹರೆಯದವರಲ್ಲಿ ಸ್ಥಾನಮಾನ ಏರಿದಂತೆ ಇತರರನ್ನು ನೋಯಿಸುವುದೂ ಏರುತ್ತದೆ, ತುತ್ತತುದಿ ತಲುಪಿದ ಕೆಲವೇ ಜನರಲ್ಲಿ ಮಾತ್ರ ಇಳಿಯುತ್ತದೆ. ಅಂದರೆ ನೋಯಿಸುವವಳು ಹಾಳಾದ ಹುಡುಗಿ ಆಗಿರಬೇಕಿಲ್ಲ. ಚೆನ್ನಾಗಿ ಓದುವ, ಶಿಕ್ಷಕರ ವಿಶ್ವಾಸ ಗಳಿಸಿದ, ಮೇಲೇರಲು ಹವಣಿಸುವ ಹುಡುಗಿಯೇ ಆಗಿರಬಹುದು. ಈ ಸ್ಥಾನವನ್ನು ಅವಳಿಗೆ ಕೊಡುವವರು ನೋಡುತ್ತ ನಿಂತವರು. ಕೆನಡಾದಲ್ಲಿ ಆಟದ ಮೈದಾನಗಳ ಚಿತ್ರೀಕರಣ ನೋಡಿ 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಿರುಕುಳ ನಡೆದ ನೂರರಲ್ಲಿ 88 ಸಲ ಸಹಪಾಠಿಗಳು ಅಲ್ಲೇ ಇದ್ದರು, ನಡುವೆ ಬಂದದ್ದು 19 ಸಲ. ಹಾಗೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಕಿರುಕುಳ ಹತ್ತು ಸೆಕೆಂಡಿನೊಳಗೆ ನಿಂತಿತು. ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದ ಕ್ರಿಸ್ಟಿನಾ ಸಾಲ್ಮಿವಾಲಿ ಅವರ ತಂಡ ರೂಪಿಸಿದ 'ಕಿವಾ' ಕಾರ್ಯಕ್ರಮ ಈ ನೋಡುಗರನ್ನೇ ಹಿಡಿದು ಕೆಲಸ ಮಾಡುತ್ತದೆ. ಅದರ ಫಲ ಸಣ್ಣ ತರಗತಿಗಳಲ್ಲಿ ಹೆಚ್ಚು, ಹದಿಹರೆಯದಲ್ಲಿ ಕಡಿಮೆ. ನಾವು ಎಂಟನೇ ತರಗತಿಯವರೆಗೆ ಕಾಯದೆ ಐದು, ಆರರಲ್ಲೇ ಶುರು ಮಾಡಬೇಕು ಎನ್ನಲು ಇದೇ ಕಾರಣ.

ಶಿಕ್ಷಕರಿಗೆ ಈಗಲೇ ಮೈತುಂಬ ಕೆಲಸವಿದೆ, ಸಮೀಕ್ಷೆ, ಬಿಸಿಯೂಟದ ಮೊಟ್ಟೆಯ ಲೆಕ್ಕ, ಆನ್‌ಲೈನ್ ನಮೂದು ಎಂಬುದನ್ನು ಒಪ್ಪುತ್ತೇನೆ. ಆದರೆ ನಾನು ಕೇಳುತ್ತಿರುವುದರಲ್ಲಿ ಬಹಳಷ್ಟು ಹೊಸ ಕೆಲಸವಲ್ಲ, ಇರುವ ಕೆಲಸವನ್ನು ಬೇರೆ ಥರ ಮಾಡುವುದು. ರೂಪಣಾತ್ಮಕ ಮೌಲ್ಯಮಾಪನದ (ಎಫ್‌ಎ) ಚಟುವಟಿಕೆಗೆ 'ನಾಲ್ಕು ನಾಲ್ಕು ಜನ ನೀವೇ ಗುಂಪು ಮಾಡಿಕೊಳ್ಳಿ' ಎಂದು ಶಿಕ್ಷಕರು ಹೇಳಿದ ಕ್ಷಣವನ್ನು ನೋಡಿ. ಅರ್ಧ ನಿಮಿಷದಲ್ಲಿ ಗುಂಪುಗಳಾಗುತ್ತವೆ. ಒಬ್ಬಳು ಮಾತ್ರ ಬ್ಯಾಗಿನೊಳಗೆ ಏನನ್ನೋ ಹುಡುಕುತ್ತಿರುವಂತೆ ತಲೆ ತಗ್ಗಿಸಿರುತ್ತಾಳೆ. 'ಇವಳನ್ನೂ ಯಾರಾದರೂ ಸೇರಿಸಿಕೊಳ್ರಮ್ಮ' ಎಂಬ ಕರುಣೆಯ ಮಾತು ಬರುತ್ತದೆ, ಯಾರೂ ಕೈ ಎತ್ತುವುದಿಲ್ಲ. ಅವಳು ಬೇಡದವಳು ಎಂದು ಶಾಲೆಯೇ ಸಾರಿದಂತಾಯಿತು. ಹಾಜರಿ ಪುಸ್ತಕದ ಕ್ರಮದಲ್ಲಿ ಶಿಕ್ಷಕರೇ ಗುಂಪು ಮಾಡಿದರೆ, ಕೂರುವ ಜಾಗವನ್ನೂ ಊಟದ ಸಾಲನ್ನೂ ತಿಂಗಳಿಗೊಮ್ಮೆ ಬದಲಿಸಿದರೆ ಇಂಥ ಸಂದರ್ಭಗಳೇ ಕಡಿಮೆಯಾಗುತ್ತವೆ. ತಟ್ಟೆ ಸರಿಸುವುದರ ಹಿಂದೆ ಜಾತಿ ಇರುವುದೂ ಉಂಟು. ಅಲ್ಲಿ ಇದು ಗೆಳತಿಯರ ಜಗಳವೆಂಬ ನೆಪ ಖಂಡಿತ ಸಲ್ಲದು, ಅದು ಕಾನೂನಿನ ಪ್ರಕಾರವೇ ಅಪರಾಧ.

ವಸತಿ ಶಾಲೆಗಳಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳ ಹುಡುಗಿಯರ ಪರಿಸ್ಥಿತಿ ಎಲ್ಲಕ್ಕಿಂತ ಕಠಿಣ. 2004ರಲ್ಲಿ ಶುರುವಾದ ಈ ಯೋಜನೆಯಲ್ಲಿ ನಾಲ್ಕರಲ್ಲಿ ಮೂರು ಪಾಲು ಸ್ಥಾನ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ಮತ್ತು ಅಲ್ಪಸಂಖ್ಯಾತ ಸಮುದಾಯದ ಹುಡುಗಿಯರಿಗೆ, ಉಳಿದದ್ದು ಬಡತನ ರೇಖೆಯ ಕೆಳಗಿನ ಕುಟುಂಬಗಳಿಗೆ. ತರಗತಿಯಲ್ಲಿ ಮಾತು ಬಿಟ್ಟವರ ಜೊತೆಯಲ್ಲೇ ಇಲ್ಲಿ ಹೊರಗುಳಿದ ಹುಡುಗಿ ಉಣ್ಣಬೇಕು, ಸ್ನಾನಕ್ಕೆ ಸರದಿ ನಿಲ್ಲಬೇಕು, ಮಲಗಬೇಕು. ಸಹಿಸಲಾಗದಿದ್ದರೆ ಉಳಿದಿರುವ ದಾರಿ ಶಾಲೆ ಬಿಟ್ಟು ಊರಿಗೆ ಹೋಗುವುದೊಂದೇ.

ಆದ್ದರಿಂದ ಈ ವಿದ್ಯಾಲಯಗಳಿಂದಲೇ ಆರಂಭಿಸಿ ಎಂದು ಕೋರುತ್ತೇನೆ. ವರ್ಷಕ್ಕೆ ಎರಡು ಸಲ ಹೆಸರು ಬರೆಯದ ಅರ್ಧ ಹಾಳೆಯ ಪ್ರಶ್ನೆಗಳನ್ನು ಕೊಡಿಸಿ: ಈ ತಿಂಗಳು ಯಾರನ್ನಾದರೂ ಬೇಕೆಂದೇ ಹೊರಗಿಟ್ಟದ್ದು ಕಂಡೆಯಾ, ನಿನಗೆ ಹಾಗಾಯಿತೇ, ದೊಡ್ಡವರಿಗೆ ಹೇಳಿದೆಯಾ? ಉತ್ತರಗಳನ್ನು ಆ ಶಾಲೆಯ ಮೇಲೆ ಕ್ರಮ ಜರುಗಿಸಲು ಬಳಸುವುದಿಲ್ಲವೆಂದು ಆದೇಶದಲ್ಲೇ ಬರೆಯಿಸಿ, ಇಲ್ಲದಿದ್ದರೆ ಎಲ್ಲ ಶಾಲೆಗಳಿಂದಲೂ 'ಇಲ್ಲ' ಎಂಬ ಹಾಳೆಗಳೇ ಬರುತ್ತವೆ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳ (ಡಯಟ್) ತರಬೇತಿಯಲ್ಲಿ ವಾರ್ಡನ್‌ಗಳಿಗೂ ತರಗತಿ ಶಿಕ್ಷಕರಿಗೂ ಇದಕ್ಕೆ ಒಂದು ದಿನ ಕೊಡಿಸಿ. ಬರುವ ಶೈಕ್ಷಣಿಕ ವರ್ಷಕ್ಕೆ ಶಾಲೆ ತೆರೆಯುವ ಮೊದಲು ಈ ಆದೇಶ ಹೊರಬಿದ್ದರೆ, ದಸರಾ ರಜೆಯ ಹೊತ್ತಿಗೆ ಮೊದಲ ಉತ್ತರಗಳು ನಿಮ್ಮ ಮೇಜಿನ ಮೇಲಿರುತ್ತವೆ.

ಗೌರವಪೂರ್ವಕವಾಗಿ,
ರಾಜ್ಯದ ಒಬ್ಬ ನಾಗರಿಕ